ಹಳೆಯ ಮೆಕ್ಯಾನಿಕಲ್ ಪೆನ್ಸಿಲ್: ಬಗೆ ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯವರು ಹಳೆಯ ಪೆನ್ಸಿಲ್ ತೋರಿಸಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ನೀವು ಕ್ಲಚ್ ಪೆನ್ಸಿಲ್ ಅನ್ನಿ, ಪೆನ್ ಪೆನ್ಸಿಲ್ ಅನ್ನಿ, ಲೆಡ್ ತುಂಬಿ ಬರೆಯುವಂಥದ್ದೆಲ್ಲ ಇಲ್ಲಿಗೆ ಸೇರಿತು.

ಒಂದೇ ಮಾದರಿಯ ಪೆನ್ಸಿಲ್‌ನಲ್ಲಿ ಹಲವು ಬಗೆ ಯಾಕೆ?

ಚೆನ್ನಾಗಿ ಮಾರಾಟವಾದ ಮಾದರಿಯನ್ನು ಕಾರ್ಖಾನೆಯವರು ಇಪ್ಪತ್ತು, ಮೂವತ್ತು ವರ್ಷ ಮಾಡುತ್ತಲೇ ಇರುತ್ತಾರೆ. ಅಷ್ಟರಲ್ಲಿ ಕ್ಲಿಪ್ ಒದಗಿಸುವವರು ಬದಲಾಗುತ್ತಾರೆ. ಅಚ್ಚು ಸವೆದು ಹೊಸದು ಬರುತ್ತದೆ. ಹಿತ್ತಾಳೆ ಇದ್ದ ಕಡೆ ಪ್ಲಾಸ್ಟಿಕ್ ಬರುತ್ತದೆ. ಕೆಲವೊಮ್ಮೆ ಕಾರ್ಖಾನೆಯೇ ಬೇರೆ ದೇಶಕ್ಕೆ ಹೋಗುತ್ತದೆ. ಹೆಸರು ಮಾತ್ರ ಅದೇ ಉಳಿಯುತ್ತದೆ. ಒಂದೇ ತೋಟದ ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಚೀಲ ಸೇರುತ್ತದಲ್ಲ, ಸಂಗ್ರಹ ಮಾಡುವವರೂ ಹಾಗೆಯೇ ವಿಂಗಡಿಸುತ್ತಾರೆ.

ಒಂದು ಗೆರೆ ಮಾತ್ರ ಮೊದಲೇ ಎಳೆದುಕೊಳ್ಳಬೇಕು. ಕಾರ್ಖಾನೆಯ ಬಾಗಿಲು ದಾಟುವ ಮೊದಲು ಆದ ಬದಲಾವಣೆಗೆ ಬಗೆ ಅನ್ನಬಹುದು. ಆಮೇಲೆ ಬಿಸಿಲು, ಬೆವರು, ರಿಪೇರಿಯವರ ಇಕ್ಕಳ, ಮನೆ ಮಕ್ಕಳ ಹಲ್ಲು ಮಾಡಿದ ಬದಲಾವಣೆ ಲೆಕ್ಕಕ್ಕಿಲ್ಲ. "ಅಪರೂಪದ ಬಗೆ" ಅಂತ ಮಾರಾಟಕ್ಕೆ ಬರುವುದರಲ್ಲಿ ಈ ಎರಡನೆಯ ಜಾತಿಯೇ ಜಾಸ್ತಿ.

ಇಂಥ ಪೆನ್ಸಿಲ್ ಮಲೆನಾಡಿಗೆ ಬಂದದ್ದಾದರೂ ಹೇಗೆ?

ಮುಖ್ಯವಾಗಿ ನಕ್ಷೆ ಬರೆಯುವವರಿಂದ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕೆಲಸ ಶುರುವಾಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಇಂಥ ಕೆಲಸಕ್ಕೆಲ್ಲ ಡ್ರಾಫ್ಟ್ಸ್‌ಮನ್, ಸರ್ವೆಯರ್, ಓವರ್‌ಸಿಯರ್ ಬೇಕೇ ಬೇಕು. ಅವರ ಮೇಜಿನ ಮೇಲೆ 2 ಮಿ.ಮೀ. ಲೆಡ್ಡಿನ ಕ್ಲಚ್ ಪೆನ್ಸಿಲ್ ಇರುತ್ತಿತ್ತು. ನಿವೃತ್ತರ ಮನೆಯ ಜಿಯಾಮೆಟ್ರಿ ಬಾಕ್ಸ್, ಹಳೆ ಟ್ರಂಕು, ಕೊನೆಗೆ ಗುಜರಿ ಅಂಗಡಿ, ಇದು ಅವುಗಳ ದಾರಿ. ಕಾಫಿ ಎಸ್ಟೇಟಿನ ಬಂಗಲೆಗಳಿಂದ ಅಪರೂಪಕ್ಕೆ ಬೆಳ್ಳಿಯವು ಬರುತ್ತವೆ. ಅಮೆರಿಕಕ್ಕೆ ಹೋದ ಅಳಿಯ ಮಾವನಿಗೆ ತಂದುಕೊಟ್ಟ ಕ್ರಾಸ್ ಕಂಪನಿಯ ಪೆನ್ಸಿಲ್ಲಂತೂ ಬೇಕಾದಷ್ಟಿವೆ.

ಪೆನ್ಸಿಲ್ ಕೈಗೆ ಸಿಕ್ಕಿದ ಕೂಡಲೇ ಏನು ನೋಡಬೇಕು?

ದೇಶದ ಹೆಸರು. ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ ಹತ್ತು ಪಟ್ಟಿನ ಲೂಪ್ ಒಂದಿದ್ದರೆ ಸಾಕು. ಕ್ಲಿಪ್ಪಿನ ಹಿಂಬದಿ, ಕ್ಯಾಪಿನ ಅಂಚು, ಮೂತಿಯ ಮೇಲಿನ ಬಳೆ, ಎಲ್ಲವನ್ನೂ ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಸವೆದ ಅಕ್ಷರ ನೇರ ಬೆಳಕಿಗೆ ಕಾಣುವುದಿಲ್ಲ, ಓರೆ ಬೆಳಕಿಗೆ ಎದ್ದು ಬರುತ್ತದೆ.

ಜರ್ಮನಿಯ ಪೆನ್ಸಿಲ್ಲುಗಳಲ್ಲಿ ಇದು ತುಂಬ ಕೆಲಸಕ್ಕೆ ಬರುತ್ತದೆ. "ಡಬ್ಲ್ಯು. ಜರ್ಮನಿ" ಅಥವಾ "ವೆಸ್ಟರ್ನ್ ಜರ್ಮನಿ" ಅಂತ ಇದ್ದರೆ 1949 ಮತ್ತು 1990ರ ನಡುವಿನದು, ಯಾಕೆಂದರೆ ಆ ದೇಶ ಇದ್ದದ್ದೇ ಅಷ್ಟು ಕಾಲ. "ಡಿ.ಆರ್.ಪಿ." ಅಥವಾ "ಡಿ.ಆರ್.ಜಿ.ಎಂ." ಅಂದರೆ ಹಳೆಯ ಜರ್ಮನ್ ಸಾಮ್ರಾಜ್ಯ ಕಾಲದಿಂದ ಎರಡನೇ ಮಹಾಯುದ್ಧದವರೆಗಿನ ಪೇಟೆಂಟ್ ಥರದ ನೋಂದಣಿ. ಯುದ್ಧದ ನಂತರ ಅದೇ ಜಾಗಕ್ಕೆ "ಡಿ.ಬಿ.ಪಿ.", "ಡಿ.ಬಿ.ಜಿ.ಎಂ." ಬಂದವು. ಬರೀ "ಜರ್ಮನಿ" ಅಂತಿದ್ದರೆ ಅವಸರ ಬೇಡ. ಅದು ಯುದ್ಧಕ್ಕೆ ಮೊದಲಿನದೂ ಇರಬಹುದು, 1990ರ ನಂತರದ್ದೂ ಇರಬಹುದು. ನಡುವಿನ ಕಾಲದಲ್ಲೂ ಕೆಲವರು ಹಾಗೇ ಬರೆಯುತ್ತಿದ್ದರು.

ಕೊಹಿನೂರ್ ಹಾರ್ಟ್‌ಮುಟ್ ಕಂಪನಿಯ ಊರು ಅದೇ ಉಳಿದರೂ ದೇಶ ಬದಲಾಗುತ್ತಾ ಹೋಯಿತು. "ಆಸ್ಟ್ರಿಯಾ" ಅಂತಿದ್ದರೆ ಸಾಮಾನ್ಯವಾಗಿ 1918ಕ್ಕಿಂತ ಹಳೆಯದು. "ಚೆಕೊಸ್ಲೊವಾಕಿಯಾ" ಅಂತಿದ್ದರೆ ಅಲ್ಲಿಂದ 1992ರವರೆಗೆ. ಆ ದೇಶ 1993ರ ಜನವರಿ 1ಕ್ಕೆ ಎರಡಾಯಿತು, ಆಮೇಲಿನವುಗಳಲ್ಲಿ "ಚೆಕ್ ರಿಪಬ್ಲಿಕ್". ನಮ್ಮ ಕಡೆಯ ಡ್ರಾಯಿಂಗ್ ಆಫೀಸುಗಳಿಂದ ಬರುವ ಕೊಹಿನೂರ್ ನಡುವಿನ ಗುಂಪಿನದೇ ಆಗಿರುವುದು ಸಹಜ.

ಪೇಟೆಂಟ್ ನಂಬರ್ ಇದೆ. ಆ ವರ್ಷವೇ ತಯಾರಾದ ವರ್ಷ ಅಲ್ವಾ?

ಅಲ್ಲ. ಪೇಟೆಂಟ್ ಸಿಕ್ಕ ವರ್ಷ ಗೊತ್ತಾದರೆ, ಪೆನ್ಸಿಲ್ ಅದಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಹೇಳಬಹುದು. ಅದೇ ನಂಬರನ್ನು ಹದಿನೈದು ವರ್ಷ ಒತ್ತುತ್ತಾ ಹೋದವರಿದ್ದಾರೆ. "ಪೇಟೆಂಟ್ ಅರ್ಜಿ ಹಾಕಿದೆ" ಎಂಬ ಅರ್ಥದ "ಪ್ಯಾಟ್. ಪೆಂಡ್." ಇದ್ದರೆ ಸ್ವಲ್ಪ ಖುಷಿಪಡಿ. ಸಾಮಾನ್ಯವಾಗಿ ಅದು ನಂಬರ್ ಬರುವುದಕ್ಕಿಂತ ಮೊದಲಿನ ಸರಕು.

ಪಾರ್ಕರ್ ಪೆನ್ಸಿಲ್ಲಿನ ಮೇಲೆ ಒಂದೆರಡು ಅಕ್ಷರ ಇವೆ. ಏನದು?

ತಾರೀಖಿನ ಗುರುತು. ಎಲ್ಲ ಕಂಪನಿಗಳೂ ಹೀಗೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು! 1980ರಿಂದ ಪಾರ್ಕರ್‌ನವರು ಇಂಗ್ಲಿಷಿನ "ಕ್ವಾಲಿಟಿಪೆನ್" ಪದದ ಹತ್ತು ಅಕ್ಷರಗಳನ್ನು ಹತ್ತು ವರ್ಷಕ್ಕೆ ಹಂಚಿದರು. ಕ್ಯೂ ಅಂದರೆ 1980, ಯು 1981, ಎ 1982, ಎಲ್ 1983, ಐ 1984, ಟಿ 1985, ವೈ 1986, ಪಿ 1987, ಇ 1988, ಎನ್ 1989. 1990ಕ್ಕೆ ಮತ್ತೆ ಕ್ಯೂನಿಂದ ಶುರು.

ಹಾಗಾದರೆ ಕ್ಯೂ ಕಂಡರೆ 1980 ಯಾವುದು, 1990 ಯಾವುದು? ಪಕ್ಕದ ಗುರುತು ನೋಡಿ. ಮೊದಮೊದಲು ವರ್ಷದ ನಾಲ್ಕು ಕಾಲುಭಾಗಗಳಿಗೆ ಇ, ಸಿ, ಎಲ್, ಐ ಎಂಬ ಅಕ್ಷರಗಳನ್ನು ಹಾಕುತ್ತಿದ್ದರು. 1987ರಿಂದ ಅದರ ಬದಲು ನಿಂತ ಗೆರೆಗಳು ಬಂದವು. ಮೂರು ಗೆರೆ ಅಂದರೆ ಮೊದಲ ಮೂರು ತಿಂಗಳು, ಎರಡು ಅಂದರೆ ಮುಂದಿನ ಮೂರು, ಒಂದು ಅಂದರೆ ಅದರ ಮುಂದಿನದು, ಗೆರೆಯೇ ಇಲ್ಲದಿದ್ದರೆ ವರ್ಷದ ಕೊನೆ. ಆದ್ದರಿಂದ ಕ್ಯೂ ಜೊತೆ ಸಿ ಇದ್ದರೆ 1980. ಕ್ಯೂ ಜೊತೆ ಮೂರು ಗೆರೆ ಇದ್ದರೆ 1990 ಅಥವಾ ಆಮೇಲಿನ ಸುತ್ತು.

ಎಡವುವುದು ಒಂದೇ ಗೆರೆ ಇದ್ದಾಗ. ಅದು ಐ ಅಕ್ಷರವೋ, ಒಂಟಿ ಗೆರೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ. ಆಗ ದೇಶದ ಹೆಸರು, ಕ್ಲಿಪ್ಪಿನ ಬಾಣದ ಆಕಾರ, ಒಳಗಿನ ಯಂತ್ರ ನೋಡಿ ತೀರ್ಮಾನ ಮಾಡಬೇಕು. ಪಾರ್ಕರ್‌ನವರದೇ ಜಾಟರ್ ಮಾದರಿಯ ಪೆನ್ಸಿಲ್ಲುಗಳಲ್ಲಿ ಮೊದಲು "ಇಂಗ್ಲೆಂಡ್" ಅಂತ ಇರುತ್ತಿತ್ತು, ಆಮೇಲೆ "ಯು.ಕೆ." ಆಯಿತು. ಇಂಗ್ಲೆಂಡಿನ ನ್ಯೂಹೇವನ್ ಕಾರ್ಖಾನೆ ಮುಚ್ಚಿದ ಮೇಲೆ "ಫ್ರಾನ್ಸ್" ಬಂತು. ಇನ್ನೊಂದು ಮಾತು. ಈ ಗುರುತು ಇರುವುದು ಮೇಲಿನ ಭಾಗದಲ್ಲಿ. ಕೆಳಗಿನ ಭಾಗ ಬೇರೆ ಪೆನ್ಸಿಲ್ಲಿನದಾಗಿದ್ದರೆ ಅದರ ಬಗ್ಗೆ ಇದು ಏನೂ ಹೇಳುವುದಿಲ್ಲ.

ಬೆಳ್ಳಿ ಪೆನ್ಸಿಲ್ ಇದೆ, ಮೇಲೆ ಸಣ್ಣ ಸಣ್ಣ ಚಿತ್ರಗಳಿವೆ. ಓದುವುದು ಹೇಗೆ?

ನಡೆಯುತ್ತಿರುವ ಸಿಂಹ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ, ಅಂದರೆ 92.5 ಪರ್ಸೆಂಟ್. ಲಂಗರು ಕಂಡರೆ ಬರ್ಮಿಂಗ್‌ಹ್ಯಾಮ್, ಚಿರತೆಯ ಮುಖ ಕಂಡರೆ ಲಂಡನ್. ಒಂಟಿ ಅಕ್ಷರ ವರ್ಷದ ಗುರುತು. ಒಂದೇ ಅಕ್ಷರ ಊರಿಂದ ಊರಿಗೆ ಬೇರೆ ವರ್ಷ ಹೇಳುತ್ತದೆ. ಹಾಗಾಗಿ ಊರಿನ ಗುರುತು ಮೊದಲು, ಅಕ್ಷರ ಆಮೇಲೆ. ಇವುಗಳ ಜೊತೆ ರಾಜ ಅಥವಾ ರಾಣಿಯ ತಲೆ ಇದ್ದರೆ ಸಾಮಾನ್ಯವಾಗಿ ಸುಂಕ ಕಟ್ಟಿದ ಗುರುತು. ಅದನ್ನು ಒತ್ತುವುದು 1890ರಲ್ಲಿ ನಿಂತಿತು, ಆದ್ದರಿಂದ ಪೆನ್ಸಿಲ್ ಅದಕ್ಕಿಂತ ಹಳೆಯದು. ಅಮೆರಿಕದವು ಇಷ್ಟೆಲ್ಲ ಮಾಡುವುದಿಲ್ಲ, ಸುಮ್ನೆ "ಸ್ಟರ್ಲಿಂಗ್" ಅಂತ ಬರೆದು ಮುಗಿಸುತ್ತವೆ.

ಬೆಳ್ಳಿಯಲ್ಲಿ ಎಲ್ಲರೂ ಹುಡುಕುವ ಹೆಸರು ಮಾರ್ಡನ್. ಸ್ಯಾಂಪ್ಸನ್ ಮಾರ್ಡನ್ ಮತ್ತು ಜಾನ್ ಐಸಾಕ್ ಹಾಕಿನ್ಸ್ 1822ರಲ್ಲಿ ಲಂಡನ್ನಿನಲ್ಲಿ ಈ ಥರದ ಪೆನ್ಸಿಲ್ಲಿಗೆ ಪೇಟೆಂಟ್ ತೆಗೆದುಕೊಂಡರು. ಆಮೇಲೆ ಮಾರ್ಡನ್ ಜೊತೆ ಗೇಬ್ರಿಯಲ್ ರಿಡಲ್ ಸೇರಿದರು. 1823ರಿಂದ 1836ರವರೆಗಿನ ಪೆನ್ಸಿಲ್ಲುಗಳಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರಗಳೂ ಸಿಗುತ್ತವೆ: "ಎಸ್.ಎಂ" ಜೊತೆಗೆ "ಜಿ.ಆರ್". ರಿಡಲ್ ಹೋದ ಮೇಲೆ ಜಿ.ಆರ್ ಮಾಯ. ತಯಾರಿಕೆಯ ಬಗೆಯನ್ನು ಇಷ್ಟು ಸಲೀಸಾಗಿ ಹೇಳುವ ಗುರುತು ಇನ್ನೊಂದು ಸಿಗುವುದು ಕಷ್ಟ. ಅವರ ಕಾರ್ಖಾನೆ 1941ರ ಬಾಂಬ್ ದಾಳಿಯಲ್ಲಿ ಹಾಳಾಯಿತು.

ಬೆಳ್ಳಿ ಹೌದೋ ಅಲ್ಲವೋ ನೋಡಲು ದಯವಿಟ್ಟು ಒರೆಗಲ್ಲಿಗೆ ಉಜ್ಜಬೇಡಿ.

"1/20 12 ಕ್ಯಾರೆಟ್" ಅಂತ ಇದೆ. ಚಿನ್ನವಾ?

ಹಿತ್ತಾಳೆಯಂಥ ಲೋಹದ ಮೇಲೆ ಚಿನ್ನದ ತೆಳು ಹಾಳೆಯನ್ನು ಒತ್ತಿ ಕೂರಿಸಿದ್ದು. ಆ ತಗಡಿನ ತೂಕದ ಇಪ್ಪತ್ತನೇ ಒಂದು ಭಾಗ ಮಾತ್ರ 12 ಕ್ಯಾರೆಟ್ ಚಿನ್ನ. ಕ್ರಾಸ್ ಪೆನ್ಸಿಲ್ಲುಗಳಲ್ಲಿ ಇದು ಸಾಮಾನ್ಯ. ಅವುಗಳಲ್ಲೂ ಬಗೆ ಇವೆ: ಹಳೆಯವು ಅಮೆರಿಕದ್ದು, ಆಮೇಲೆ ಐರ್ಲೆಂಡಿನದೂ ಬಂದವು, ಈಚಿನವು ಚೀನಾದ್ದು. ಅಡವಿಡಲು ತೆಗೆದುಕೊಂಡು ಹೋಗಬೇಡಿ.

ಲೆಡ್ಡಿನ ದಪ್ಪ ನೋಡಿ ಕಾಲ ಹೇಳಬಹುದಾ?

ಒಂದು ಮಟ್ಟಿಗೆ. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳಗಿರುವ ಲೆಡ್ ತೆಗೆದು ಅಳೆಯಿರಿ. ಹಳೆಯ ತಿರುಗಿಸುವ ಪೆನ್ಸಿಲ್ಲುಗಳಲ್ಲಿ 1.18 ಮಿ.ಮೀ. ಸಾಮಾನ್ಯ. ಅಮೆರಿಕದಲ್ಲಿ 1930ರ ದಶಕದ ಕೊನೆಗೆ 0.9 ಶುರುವಾಯಿತು. ಮಣ್ಣು ಬೆರೆಸಿದ ಹಳೆಯ ಲೆಡ್ಡನ್ನು ಅದಕ್ಕಿಂತ ತೆಳ್ಳಗೆ ಮಾಡಿದರೆ ಪುಟುಕ್ ಅಂತ ಮುರಿಯುತ್ತಿತ್ತು. ಜಪಾನಿನ ಪೆಂಟೆಲ್ 1960ರಲ್ಲಿ ಪಾಲಿಮರ್ ಬೆರೆಸಿದ ಲೆಡ್ ತಂದ ಮೇಲೆಯೇ ಸಣ್ಣ ಲೆಡ್ ಚಾಲ್ತಿಗೆ ಬಂತು. ಹಾಗಾಗಿ 0.5 ಪೆನ್ಸಿಲ್ ಹಿಡಿದು "ಸ್ವಾತಂತ್ರ್ಯಕ್ಕೆ ಮೊದಲಿನದು" ಅಂತ ಯಾರಾದರೂ ಹೇಳಿದರೆ ನಕ್ಕು ವಾಪಸ್ ಕೊಡಿ.

2 ಮಿ.ಮೀ. ಕ್ಲಚ್ ಪೆನ್ಸಿಲ್ಲಿಗೆ ಈ ಲೆಕ್ಕ ನಡೆಯುವುದಿಲ್ಲ. ಸ್ವಿಟ್ಜರ್ಲೆಂಡಿನ ಕರಾನ್ ದಾಶ್ 1929ರಲ್ಲಿ ಫಿಕ್ಸ್‌ಪೆನ್ಸಿಲ್ ಶುರು ಮಾಡಿತು, ಇವತ್ತಿಗೂ ಮಾಡುತ್ತಿದೆ.

ಇನ್ನು ಕೆಲವು ಮಾದರಿಗಳಲ್ಲಿ ದಪ್ಪ ನಂಬರಿನಲ್ಲೇ ಇರುತ್ತದೆ. ಫೇಬರ್ ಕ್ಯಾಸ್ಟೆಲ್ ಟಿಕೆ-ಫೈನ್ 9713, 9715, 9717, 9719ರಲ್ಲಿ ಕೊನೆಯ ಅಂಕಿಯೇ ಲೆಡ್ಡಿನ ಅಳತೆ, 3 ಅಂದರೆ 0.3 ಮಿ.ಮೀ. ಪೆಂಟೆಲ್‌ನ ಪಿ203, ಪಿ205, ಪಿ207, ಪಿ209 ಕೂಡ ಹಾಗೇ. ಜೊತೆಗೆ ಬಣ್ಣವೂ ಬೇರೆ: ಕಂದು, ಕಪ್ಪು, ನೀಲಿ, ಹಳದಿ. ಇವು ಅಳತೆಯ ವ್ಯತ್ಯಾಸ, ಕಾಲದ ವ್ಯತ್ಯಾಸ ಅಲ್ಲ. ನೀಲಿಯದು ಸಿಕ್ಕಿತು ಅಂತ ಕುಣಿಯಬೇಡಿ.

"ಶಾರ್ಪ್" ಅಂತ ಬರೆದಿದೆ. ಟಿವಿ ಮಾಡುವ ಕಂಪನಿಯದಾ?

ಬಹುತೇಕ ಅಲ್ಲ. ಆ ಕಂಪನಿಗೆ ಹೆಸರು ಬಂದದ್ದು ಟೊಕುಜಿ ಹಯಕಾವಾ 1915ರಲ್ಲಿ ಮಾಡಿದ ಪೆನ್ಸಿಲ್ಲಿನಿಂದಲೇ, ಅದು ನಿಜ. ಆದರೆ ಜಪಾನಿನಲ್ಲಿ ಈ ಜಾತಿಯ ಪೆನ್ಸಿಲ್ಲಿಗೆಲ್ಲ ಅದೇ ಹೆಸರು. ಬೇರೆ ಕಂಪನಿಯವರೂ ಹಾಗೆ ಬರೆಯುತ್ತಾರೆ.

ಎರಡು ಪೆನ್ಸಿಲ್ ಸೇರಿಸಿ ಒಂದು ಮಾಡಿದ್ದಾರೋ ಅಂತ ಅನುಮಾನ. ಕಂಡುಹಿಡಿಯುವುದು ಹೇಗೆ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಆಫೀಸಿನಲ್ಲಿ ಒಂದೇ ಕಂಪನಿಯ ಹತ್ತು ಪೆನ್ಸಿಲ್ ಇದ್ದವು ಅಂದುಕೊಳ್ಳಿ. ಒಂದರ ಮೂತಿ ನೆಲಕ್ಕೆ ಬಿದ್ದು ಸೊಟ್ಟಗಾಗುತ್ತದೆ, ಇನ್ನೊಂದರ ಗುಂಡಿ ಕಳೆದುಹೋಗುತ್ತದೆ. ಎರಡನ್ನೂ ಸೇರಿಸಿ ಒಂದು ಮಾಡಿ ಬರೆದುಕೊಂಡು ಹೋಗುತ್ತಾರೆ. ಯಾರೂ ಮೋಸ ಮಾಡಿಲ್ಲ, ಕೆಲಸ ಸಾಗಬೇಕಿತ್ತು ಅಷ್ಟೇ. ನಲವತ್ತು ವರ್ಷ ಆದ ಮೇಲೆ ಅದು ಪಟ್ಟಿಯಲ್ಲೇ ಇಲ್ಲದ ಬಗೆಯಾಗಿ ನಮ್ಮ ಕೈಗೆ ಬರುತ್ತದೆ. ಸ್ಟೆಡ್ಲರ್ ಟೆಕ್ನಿಕೊ 780ರ ಗುಂಡಿಯಲ್ಲಿ ಲೆಡ್ ಚೂಪು ಮಾಡುವ ಶಾರ್ಪನರ್ ಇರುತ್ತದೆ. ದಿನಾ ಕಳಚಿ ಹಾಕುವ ಭಾಗ ಅದು, ಅದಲು ಬದಲಾಗುವುದರಲ್ಲಿ ಅದೇ ಮುಂದು.

ಮೊದಲು ಸವಕಲು ಹೋಲಿಸಿ. ಮೈಯೆಲ್ಲ ಸವೆದು ಮೂತಿ ಮಾತ್ರ ಹೊಳೆಯುತ್ತಿದ್ದರೆ ಅನುಮಾನಿಸಿ. ಆಮೇಲೆ ಮರೆ (ಥ್ರೆಡ್) ತಿರುಗಿಸಿ ನೋಡಿ. ಒಟ್ಟಿಗೆ ಹುಟ್ಟಿದ ಭಾಗಗಳು ಕೊನೆಯ ಸುತ್ತಿನವರೆಗೆ ಒಂದೇ ಹದದಲ್ಲಿ ಕೂರುತ್ತವೆ. ಬೇರೆಯದಾದರೆ ಅರ್ಧಕ್ಕೇ ಬಿಗಿಯಾಗುತ್ತದೆ, ಇಲ್ಲವೇ ಕೂತ ಮೇಲೂ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಜೋಡಣೆ ಇರುವ ಕಡೆ ಉಗುರು ಆಡಿಸಿ. ಕಣ್ಣಿಗೆ ಕಾಣದ ಮೆಟ್ಟಿಲು ಉಗುರಿಗೆ ಸಿಗುತ್ತದೆ.

ಕ್ಲಿಪ್ ಬದಲಾಗಿದ್ದರೆ ಹಳೆಯ ಕ್ಲಿಪ್ಪಿನ ನೆರಳು ಮೈಮೇಲೆ ಇರುತ್ತದೆ. ಅದರ ಅಡಿಯಲ್ಲಿ ಬಣ್ಣ ಮಾಸದೆ ಉಳಿದಿರುತ್ತದೆ, ಅಥವಾ ತುದಿ ಒತ್ತಿದ ಗೆರೆ ಇರುತ್ತದೆ. ಈಗಿನ ಕ್ಲಿಪ್ ಆ ಗೆರೆಯ ಮೇಲೆ ಸರಿಯಾಗಿ ಕೂರದಿದ್ದರೆ ಉತ್ತರ ಸಿಕ್ಕಿತು. ಕೊನೆಗೆ ಒಂದು ಅಯಸ್ಕಾಂತ ಹಿಡಿಯಿರಿ. ಅದೇ ಮಾದರಿಯ ಇನ್ನೊಂದು ಪೆನ್ಸಿಲ್ಲಿನ ಹಿತ್ತಾಳೆ ಮೂತಿ ಅಂಟದೆ, ಇದರದ್ದು ಮಾತ್ರ ಅಂಟಿದರೆ ಒಂದೋ ನಿಜವಾದ ಬಗೆ, ಇಲ್ಲ ಯಾರೋ ಲೇತಿನಲ್ಲಿ ಮಾಡಿಸಿದ್ದು. ಲೇತಿನ ಕೆಲಸ ಗೊತ್ತಿದ್ದವರು ನಮ್ಮಲ್ಲಿ ಕಡಿಮೆ ಏನಿಲ್ಲ.

ಎಲ್ಲ ಭಾಗವೂ ಸರಿಯಾಗಿ ಕೂರುತ್ತವೆ. ಆದರೆ ಕ್ಲಿಪ್ ಹಳೆಯ ಥರದ್ದು, ಮೈ ಹೊಸ ಥರದ್ದು. ಹೀಗೂ ಇರುತ್ತದಾ?

ಇರುತ್ತದೆ. ಯಾವ ಕಾರ್ಖಾನೆಯೂ ಉಳಿದ ಕ್ಲಿಪ್‌ಗಳನ್ನು ತಿಪ್ಪೆಗೆ ಸುರಿಯುವುದಿಲ್ಲ. ಹೊಸ ಮೈಗೆ ಹಳೆಯ ಕ್ಲಿಪ್ ಹಾಕಿ ಮುಗಿಸುತ್ತಾರೆ. ಇಂಥ ನಡುಗಾಲದ ಪೆನ್ಸಿಲ್ಲುಗಳೇ ಸಂಗ್ರಹಕ್ಕೆ ರುಚಿ. ಆದರೆ ಒಂದೇ ಒಂದು ಸಿಕ್ಕಿದರೆ ನಾನು ನಂಬುವುದಿಲ್ಲ. ಅದೇ ಜೋಡಿ ಬೇರೆ ಊರಿನಲ್ಲಿ, ಬೇರೆ ಮನೆಯಲ್ಲಿ, ಸಂಬಂಧವೇ ಇಲ್ಲದವರ ಹತ್ತಿರ ಇನ್ನೊಂದು ಸಿಗಲಿ. ಡಬ್ಬಿ ಒಡೆಯದ ಹಳೆ ಸ್ಟಾಕ್ ಯಾವುದಾದರೂ ಪುಸ್ತಕದ ಅಂಗಡಿಯ ಅಟ್ಟದಲ್ಲಿ ಸಿಕ್ಕಿದರಂತೂ ವಾದವೇ ಬೇಡ. ಹಾಗೆ ಸಿಕ್ಕಿದರೆ ಡಬ್ಬಿ, ಬೆಲೆ ಚೀಟಿ ಯಾವುದನ್ನೂ ಬಿಸಾಡಬೇಡಿ.

ಬಣ್ಣ ವಿಚಿತ್ರವಾಗಿದೆ. ಅಪರೂಪದ ಬಣ್ಣ ಇರಬಹುದಾ?

ಇರಬಹುದು, ಆದರೆ ಮೊದಲು ಕ್ಲಿಪ್ಪಿನ ಅಡಿ ಮತ್ತು ಕ್ಯಾಪ್ ಮುಚ್ಚುವ ಜಾಗ ನೋಡಿ. ಬೆಳಕು ಬೀಳದ ಕಡೆ ಬೇರೆ ಬಣ್ಣ ಇದ್ದರೆ ಅದೇ ಅಸಲಿ ಬಣ್ಣ. ಎಬೊನೈಟ್, ಅಂದರೆ ಗಟ್ಟಿ ರಬ್ಬರ್, ಕಪ್ಪಾಗಿ ಹುಟ್ಟಿ ಬಿಸಿಲಿಗೆ ಕಂದಾಗುತ್ತದೆ. ಬಿಸಿನೀರಿಗೆ ಹಾಕಿದರೆ ಇನ್ನೂ ಬೇಗ. ಹೀಗೆ ಕಂದಾದವು "ಚಾಕೊಲೇಟ್ ಬಣ್ಣ" ಅಂತ ಮಾರಾಟವಾಗುತ್ತವೆ. ಬಿಳಿ ಸೆಲ್ಯುಲಾಯ್ಡ್, ಅಂದರೆ ಹಳೆಯ ಕಾಲದ ಪ್ಲಾಸ್ಟಿಕ್, ಹಳದಿಯಾಗುತ್ತದೆ, ಅದಕ್ಕೆ "ದಂತದ ಬಣ್ಣ" ಅಂತ ಹೆಸರಿಡುತ್ತಾರೆ.

ಯಾವ ವಸ್ತು ಅಂತ ತಿಳಿಯಲು ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಗಂಧಕದ ವಾಸನೆ ಬಂದರೆ ಎಬೊನೈಟ್. ಕಾಯಿಸಿದ ಸೂಜಿ ಚುಚ್ಚುವ ಪರೀಕ್ಷೆ ಯಾರಾದರೂ ಹೇಳಿಕೊಟ್ಟಿದ್ದರೆ ಮರೆತುಬಿಡಿ. ಸೆಲ್ಯುಲಾಯ್ಡ್ ಭಗ್ ಅಂತ ಹತ್ತಿಕೊಳ್ಳುತ್ತದೆ.

ರೋಟ್ರಿಂಗ್ 600 ಮೇಲೆ "ಜಪಾನ್" ಅಂತಿದೆ. ನಕಲಿಯಾ?

ಅಷ್ಟಕ್ಕೇ ನಕಲಿ ಅನ್ನಬೇಡಿ. ಹಳೆಯವು ಜರ್ಮನಿಯಲ್ಲಿ ಆದವು, ಆಮೇಲೆ ತಯಾರಿಕೆ ಜಪಾನಿಗೆ ಹೋಯಿತು. ನಕಲಿಯೂ ಇವೆ. ಅವುಗಳಲ್ಲಿ ಹಿಡಿಯ ಮೇಲಿನ ಒರಟು ಗೀರುಗಳು ಮೊಂಡಾಗಿರುತ್ತವೆ, ಹಿಡಿದರೆ ತೂಕ ಕಡಿಮೆ ಅನಿಸುತ್ತದೆ.

ನಮ್ಮ ಕ್ಯಾಮ್ಲಿನ್ ಪೆನ್ಸಿಲ್ ಯಾರೂ ಸಂಗ್ರಹ ಮಾಡುವುದಿಲ್ವಾ?

ಮಾಡಬೇಕು ಅನ್ನುವವನು ನಾನು. ಜರ್ಮನಿಯ ಪೆನ್ಸಿಲ್ಲಿನ ಬಗ್ಗೆ ಬರೆದಿಟ್ಟವರು ಇದ್ದಾರೆ, ನಮ್ಮ ಬಾಲ್ಯದ ಪೆನ್ಸಿಲ್ಲನ್ನು ನಾವೇ ಬರೆದಿಡಬೇಕು. ಶುರು ಮಾಡಲು ಒಂದು ಸುಲಭ ಗೆರೆ: ಜಪಾನಿನ ಕೊಕುಯೊ 2011ರಲ್ಲಿ ಕಂಪನಿಯನ್ನು ಕೊಂಡಿತು. ಆಮೇಲಿನವುಗಳಲ್ಲಿ "ಕೊಕುಯೊ ಕ್ಯಾಮ್ಲಿನ್" ಹೆಸರು ಬರುತ್ತದೆ. ಬರೀ "ಕ್ಯಾಮ್ಲಿನ್" ಇರುವ ಪ್ಯಾಕೆಟ್ ಸಿಕ್ಕರೆ ಎತ್ತಿಡಿ, ಈಗ ಪುಕ್ಕಟೆ ಸಿಗುತ್ತವೆ.

ತೊಳೆದು ಹೊಳೆಯುವಂತೆ ಮಾಡಿ ತರಬಹುದಾ?

ಬೇಡ! ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ, ಎರಡೂ ಪೂಜೆ ಪಾತ್ರೆಗೆ ಇರಲಿ. ಒಂದೆರಡು ಸಲ ಉಜ್ಜಿದರೆ ಚಿನ್ನದ ಪದರ ಹೋಗುತ್ತದೆ, ಹತ್ತು ಸಲ ಉಜ್ಜಿದರೆ ತಾರೀಖಿನ ಅಕ್ಷರ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಸಾಕು.

ಮಳೆಗಾಲದಲ್ಲಿ ಇಡುವುದು ಹೇಗೆ?

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ತೀರ್ಥಹಳ್ಳಿ, ಹೊಸನಗರದ ಮನೆಗಳಲ್ಲಿ ಬೆಲ್ಟು, ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಪೆನ್ಸಿಲ್ ಬಿಡುತ್ತದಾ? ಒಳಗಿನ ಉಕ್ಕಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಮೇಲೆ ಹಸಿರು ಕಿಲುಬು ಬರುತ್ತದೆ. ಲೋಹದವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಸೆಲ್ಯುಲಾಯ್ಡ್ ಮಾತ್ರ ಬೇರೆ ಇಡಿ, ಅದಕ್ಕೆ ಗಾಳಿ ಬೇಕು. ಹಾಳಾಗುತ್ತಾ ಬಂದ ಸೆಲ್ಯುಲಾಯ್ಡ್ ಬಿಡುವ ಹುಳಿ ಆವಿ ಪಕ್ಕದ ಲೋಹವನ್ನೂ ತಿನ್ನುತ್ತದೆ. ಹೊಗೆ ಅಟ್ಟದ ಮೇಲೆ ಬೆಚ್ಚಗಿರಲಿ ಅಂತ ಇಡುವವರಿದ್ದಾರೆ. ಅಲ್ಲಿ ಸೆಲ್ಯುಲಾಯ್ಡ್ ಇಡಲೇಬೇಡಿ.

ನನ್ನದು ಅಪರೂಪದ ಬಗೆ ಅಂತ ಖಚಿತವಾಯಿತು. ಬೆಲೆ ಎಷ್ಟು?

ಅಪರೂಪ ಬೇರೆ, ಬೇಡಿಕೆ ಬೇರೆ. ಜಗತ್ತಿನಲ್ಲಿ ಐದೇ ಇದ್ದು ಕೊಳ್ಳುವವರು ಮೂವರೇ ಇದ್ದರೆ ಬೆಲೆ ಏರುವುದಿಲ್ಲ. ಬೇರೆಯವರು ಕೇಳುತ್ತಿರುವ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ.

ಗುರುತಿಸಿಕೊಡಿ ಅಂತ ಫೋಟೊ ಕಳಿಸುವಾಗ ಏನೇನು ಕಳಿಸಬೇಕು?

ದೇವರ ಪಟದ ಮುಂದೆ ಇಟ್ಟು ತೆಗೆದ ಒಂದು ಫೋಟೊದಿಂದ ಏನೂ ಗೊತ್ತಾಗುವುದಿಲ್ಲ. ಸ್ಕೇಲಿನ ಪಕ್ಕ ಉದ್ದಕ್ಕೆ ಮಲಗಿಸಿ ಒಂದು ತೆಗೆಯಿರಿ. ಎಲ್ಲ ಬರಹ, ಗುರುತು ಓರೆ ಬೆಳಕಿನಲ್ಲಿ. ಕ್ಲಿಪ್ ಎದುರಿನಿಂದ, ಪಕ್ಕದಿಂದ. ಮೂತಿ ಹತ್ತಿರದಿಂದ. ಸಲೀಸಾಗಿ ಬಿಚ್ಚಿಕೊಂಡರೆ ಒಳಗಿನ ಯಂತ್ರದ್ದೂ ಒಂದು. ಬಿಗಿಯಾಗಿದ್ದರೆ ಇಕ್ಕಳ ಹಾಕಬೇಡಿ, ಹಾಗೇ ಕಳಿಸಿ. ಪೆನ್ಸಿಲ್ ಯಾರ ಕೈಯಲ್ಲಿತ್ತು, ಅವರು ಯಾವ ಕೆಲಸದಲ್ಲಿದ್ದರು, ಯಾವ ಕಾಲದಲ್ಲಿ ಅಂತ ಎರಡು ಸಾಲು ಬರೆಯಿರಿ. ಲೆಡ್ ಸಿಕ್ಕಿಕೊಂಡಿದ್ದರೆ ಸೂಜಿಯಿಂದ ಕೆದಕದೆ ಹಾಗೇ ಬಿಡಿ. ಒಳಗೆ ಉಳಿದ ಆ ಹಳೆಯ ತುಂಡನ್ನೇ ಅಳೆಯುವುದಿದೆ.